ಎಣ್ಣೆಗೆ ಬುದ್ಧಿ ಬಂತು, ಆಮೇಲೆ ಬೀಗ ಬಿತ್ತು

ಹೋದ ಸಲ ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೆದಿದ್ದೆ. ಈ ಸಲ ತೋಟದ ವಿಷಯ ಅಲ್ಲ, ಕೊಟ್ಟಿಗೆ ಪಕ್ಕದ ಶೆಡ್ಡಿನ ವಿಷಯ. ಸ್ವಲ್ಪ ಉದ್ದ ಇದೆ, ಸಂಜೆ ಬಿಡುವಾದಾಗ ಓದಿ. ಕಾರಿನ ಕಥೆ ಅಂತ ಶುರುವಾದ್ರೂ ಇದು ಕೊನೆಗೆ ನಮ್ಮ ಟ್ರ್ಯಾಕ್ಟರ್ ಹತ್ರಾನೇ ಬಂದು ನಿಲ್ಲುತ್ತೆ.

ನಮ್ಮಪ್ಪನಿಗೆ ಲಕ್ವ ಹೊಡೆದು ಎಡಗಾಲು ಸೋತಿದ್ದು ಇಲ್ಲಿ ಸುಮಾರು ಜನಕ್ಕೆ ಗೊತ್ತು. ಕ್ಲಚ್ ತುಳಿಯೋಕೆ ಆಗಲ್ಲ. ಅದಕ್ಕೇ ಕ್ಲಚ್ಚೇ ಇಲ್ಲದ ಒಂದು ಹಳೇ ಆಟೋಮ್ಯಾಟಿಕ್ ಕಾರು ತಗೊಂಡ್ವಿ. ಯಾರ ಹಂಗೂ ಇಲ್ಲದೆ ತಾವೇ ಸಂತೆಗೆ ಹೋಗಿ ಬರೋರು, ಮುಖದಲ್ಲಿ ಒಂಚೂರು ಕಳೆ ಬಂದಿತ್ತು. ಈ ಬೇಸಿಗೇಲಿ ಕಾರು ಕೈ ಕೊಡ್ತು. ತಣ್ಣಗಿದ್ದಾಗ ಸರಿ ಓಡೋದು. ಬಿಸಿ ಆದ ಮೇಲೆ ಎರಡನೇ ಗೇರಿಂದ ಮೂರಕ್ಕೆ ಹೋಗುವಾಗ ಯಾರೋ ಹಿಂದಿಂದ ಗುದ್ದಿದ ಹಂಗೆ ಜಗ್ಗೋದು. ಪೇಟೆ ಗ್ಯಾರೇಜಲ್ಲಿ ತೋರಿಸಿದ್ರೆ "ಪೂರ್ತಿ ಗೇರ್‌ಬಾಕ್ಸ್ ಬದಲಾಯಿಸಬೇಕು" ಅಂದ್ರು. ಹೇಳಿದ ದುಡ್ಡು ಕಾರಿನ ಅರ್ಧ ಬೆಲೆ. ಅಪ್ಪ ಏನೂ ಮಾತಾಡಲಿಲ್ಲ, ಬೀಗದ ಕೈ ಮೊಳೆಗೆ ನೇತು ಹಾಕಿ ಸುಮ್ಮನಾದ್ರು.

ನನಗೆ ತಡೀಲಿಲ್ಲ. ಈ ಗೇರ್‌ಬಾಕ್ಸ್ ಒಳಗೆ ಏನಿದೆ, ಇದನ್ನ ಯಾರು ಹುಟ್ಟಿಸಿದ್ರು, ನಮ್ಮಂಥವರು ಬಿಚ್ಚಬಹುದಾ ಅಂತ ಓದೋಕೆ ಕೂತೆ. ಓದಿದ್ದನ್ನ, ಮಾಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಗೇರ್‌ಬಾಕ್ಸಿನ ನೀರಗಂಟಿ

ಕೆರೆ ತುಂಬಿದ್ದ ಕಾಲದಲ್ಲಿ ನೀರಗಂಟಿ ಇರ್ತಿದ್ದ, ನೆನಪಿದೆಯಲ್ಲ? ಯಾವ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕು ಅನ್ನೋದು ಅವನ ಕೈಲಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆ ಕೆಲಸ ಮಾಡೋದು ವಾಲ್ವ್ ಬಾಡಿ. ನೋಡೋಕೆ ಒಂದು ಅಲ್ಯೂಮಿನಿಯಂ ಹಲಗೆ, ಅದರ ತುಂಬ ಗೆದ್ದಲು ತಿಂದ ಮರದ ಥರ ವಕ್ರವಕ್ರ ಕಾಲುವೆ. ಕಾಲುವೆಗಳಿಗೆ ಅಡ್ಡ ಬೆರಳು ಗಾತ್ರದ ವಾಲ್ವುಗಳು, ಒಂದೊಂದಕ್ಕೂ ಸ್ಪ್ರಿಂಗ್. ಪಂಪಿಂದ ಬಂದ ಎಣ್ಣೆ ಈ ಕಾಲುವೆಗಳಲ್ಲಿ ಹರಿದು, ಯಾವ ಕ್ಲಚ್ ಹಿಡೀಬೇಕೋ ಅದನ್ನ ಒತ್ತಿ ಹಿಡಿಯುತ್ತೆ. ಕ್ಲಚ್ ಹಿಡಿದ ಹಂಗೆ ಗೇರು.

ಎಣ್ಣೆ ಜೊತೆ ಸೇರಿದ ಸಣ್ಣ ಲೋಹದ ಪುಡಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ವಾಲ್ವ್ ಕೂರೋ ತೂತು ಸವೆಯುತ್ತೆ. ಬಿಸಿಗೆ ಎಣ್ಣೆ ತೆಳ್ಳಗಾದಾಗ ಅಲ್ಲಿಂದ ಸೋರಿ ಒತ್ತಡ ಇಳಿಯುತ್ತೆ. ಬಿಸಿಯಾದ ಮೇಲೆ ಮಾತ್ರ ಕಾರು ಜಗ್ಗುತ್ತಿದ್ದದ್ದು ಅದಕ್ಕೇ. ಗದ್ದೆ ಚೆನ್ನಾಗಿದೆ, ತೂಬು ಸೋರ್ತಿದೆ. ಅದಕ್ಕೆ ಗದ್ದೇನೇ ಬದಲಾಯಿಸಿ ಅಂದ್ರೆ ಹೆಂಗೆ?

1939, ಒಂದೇ ವರ್ಷ, ಎರಡು ಯಂತ್ರ

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಅರ್ಲ್ ಥಾಮ್ಸನ್ ಅಂತ ಒಬ್ಬ ಎಂಜಿನಿಯರ್ ಇದ್ದ. ಗೇರ್ ಹಾಕುವಾಗ ಕರಕರ ಅನ್ನದ ಹಾಗೆ ಮಾಡೋ ಸಿಂಕ್ರೋಮೆಶ್ ಅವನದ್ದೇ ಕೆಲಸ, 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂತು. ಆಮೇಲೆ ಅವನ ತಂಡ ಗೇರ್ ಹಾಕೋ ಕೆಲಸವನ್ನೇ ಓಡಿಸುವವನ ಕೈಯಿಂದ ತೆಗೆಯೋಕೆ ಹೊರಟಿತು. ಅದರ ಫಲ ಹೈಡ್ರಾಮ್ಯಾಟಿಕ್. 1939ರಲ್ಲಿ ಹೊರಬಂತು, 1940ರ ಓಲ್ಡ್ಸ್‌ಮೊಬೈಲ್ ಕಾರಿಗೆ 57 ಡಾಲರ್ ಹೆಚ್ಚಿಗೆ ಕೊಟ್ಟರೆ ಹಾಕಿಕೊಡ್ತಿದ್ರು. ಮುಂದಕ್ಕೆ ನಾಲ್ಕು ಗೇರು, ಕ್ಲಚ್ ಪೆಡಲ್ ಇಲ್ಲ.

ಅದರೊಳಗೆ ಕಂಪ್ಯೂಟರ್ ಇರಲಿಲ್ಲ, ಗೇರ್ ಬದಲಾಯಿಸೋಕೆ ವಿದ್ಯುತ್ ಬೇಕಿರಲಿಲ್ಲ. ಹಾಗಾದ್ರೆ ಯಾವಾಗ ಬದಲಾಯಿಸಬೇಕು ಅಂತ ಅದಕ್ಕೆ ಗೊತ್ತಾಗ್ತಿದ್ದದ್ದು ಹೇಗೆ? ನಮ್ಮ ಹಳೇ ಡೀಸೆಲ್ ಪಂಪ್‌ಸೆಟ್ಟಿನ ಗವರ್ನರ್ ನೋಡಿದ್ದೀರಲ್ಲ, ತಿರುಗಿದ ಹಂಗೆ ತೂಕದ ಗುಂಡುಗಳು ಹೊರಗೆ ಅಗಲ ಆಗ್ತವೆ. 1788ರಲ್ಲಿ ಜೇಮ್ಸ್ ವಾಟ್ ಹಬೆ ಎಂಜಿನಿಗೆ ಹಾಕಿದ್ದೂ ಅದೇ ಉಪಾಯ. ಹೈಡ್ರಾಮ್ಯಾಟಿಕ್‌ನಲ್ಲೂ ಅಂಥದ್ದೊಂದು ಗವರ್ನರ್ ಇತ್ತು. ಗಾಡಿ ವೇಗ ಹೆಚ್ಚಿದ ಹಂಗೆ ಅದು ಬಿಡೋ ಎಣ್ಣೆ ಒತ್ತಡ ಹೆಚ್ಚುತ್ತೆ. ಆಕ್ಸಿಲರೇಟರ್ ಕಡೆಯಿಂದ ಇನ್ನೊಂದು ಒತ್ತಡ ಬರುತ್ತೆ. ವಾಲ್ವಿನ ಒಂದು ತುದೀಲಿ ವೇಗದ ಒತ್ತಡ, ಇನ್ನೊಂದು ತುದೀಲಿ ಆಕ್ಸಿಲರೇಟರ್ ಒತ್ತಡ ಮತ್ತು ಸ್ಪ್ರಿಂಗು. ತಕ್ಕಡಿ ಇದ್ದ ಹಾಗೆ. ವೇಗ ಗೆದ್ದರೆ ವಾಲ್ವ್ ಸರಿದು ಮೇಲಿನ ಗೇರು. ದಿಬ್ಬದಲ್ಲಿ ಕಾಲು ಒತ್ತಿದರೆ ಆ ಕಡೆ ಭಾರವಾಗಿ ಕೆಳಗಿನ ಗೇರು. ಇಷ್ಟೇ ಲೆಕ್ಕ. ಎಣ್ಣೇನೇ ಯೋಚನೆ ಮಾಡ್ತಿತ್ತು.

ಇದೇನು ಶೋಕಿ ಸಾಮಾನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಹಗುರ ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾಮ್ಯಾಟಿಕ್ ಹಾಕಿದ್ರು. ಕೆಸರಲ್ಲಿ, ಗುಂಡಿನ ಮಧ್ಯೆ ಓಡಿ ಬಂದ ಗೇರ್‌ಬಾಕ್ಸ್ ಅದು.

ಈಗ ನಮ್ಮ ಕಡೆ ವಿಷಯ. ಅದೇ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಇದ್ದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1938ರಲ್ಲಿ ಅವನೂ ಹೆನ್ರಿ ಫೋರ್ಡೂ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡಿದ್ರು. ಫರ್ಗುಸನ್ ಕೊಟ್ಟಿದ್ದು ಮೂರು ಪಾಯಿಂಟ್ ಲಿಂಕು ಮತ್ತು ಡ್ರಾಫ್ಟ್ ಕಂಟ್ರೋಲ್. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದರೆ ಮೇಲಿನ ಟಾಪ್ ಲಿಂಕ್ ಹಿಂದಿಂದ ಒತ್ತಿ ಸ್ಪ್ರಿಂಗ್ ಅಮುಕುತ್ತೆ, ಸ್ಪ್ರಿಂಗ್ ಒಂದು ವಾಲ್ವ್ ಸರಿಸುತ್ತೆ, ಎಣ್ಣೆ ಲಿಫ್ಟ್ ಸಿಲಿಂಡರಿಗೆ ಹೋಗಿ ನೇಗಿಲನ್ನ ಒಂಚೂರು ಎತ್ತುತ್ತೆ. ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತ ಸಿಗುತ್ತೆ. ನಿಮ್ಮ ಸೀಟಿನ ಪಕ್ಕದ ಡ್ರಾಫ್ಟ್ ಲಿವರ್ ಇವತ್ತಿಗೂ ಅದೇ ಕೆಲಸ ಮಾಡೋದು. ಮ್ಯಾಸ್ಸಿ ಫರ್ಗುಸನ್ ಅನ್ನೋ ಹೆಸರಲ್ಲಿ ಆ ಫರ್ಗುಸನ್ ಇನ್ನೂ ನಮ್ಮ ಹೊಲದಲ್ಲಿ ಓಡಾಡ್ತಿದ್ದಾನೆ.

ಕಾರಿನ ವಾಲ್ವ್ ಬಾಡಿ, ಟ್ರ್ಯಾಕ್ಟರ್ ಲಿಫ್ಟಿನ ವಾಲ್ವು ಅಣ್ಣತಮ್ಮಂದಿರು ಇದ್ದ ಹಾಗೆ. ಲಿಫ್ಟ್ ಕವರ್ ಬಿಚ್ಚಿ ಸರಿ ಮಾಡಿದ ನಮ್ಮೂರಿನವರು ಎಷ್ಟೋ ಜನ ಇದ್ದಾರೆ. ಅವರಿಗೆ ವಾಲ್ವ್ ಬಾಡಿ ಕಂಡು ಹೆದರೋ ಕಾರಣವೇ ಇಲ್ಲ.

ಬಿಚ್ಚೋ ಕಾಲ

ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಈ ಬುದ್ಧಿವಂತ ಎಣ್ಣೆ ಟ್ರ್ಯಾಕ್ಟರ್ ಗೇರಿಗೂ ಬಂತು. 1954ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಟಾರ್ಕ್ ಆಂಪ್ಲಿಫೈಯರ್ ತಂತು. ಉಳುಮೆ ಮಧ್ಯೆ ಗಟ್ಟಿ ನೆಲ ಬಂದರೆ ಕ್ಲಚ್ ತುಳಿಯದೆ ಲಿವರ್ ಎಳೆದು ವೇಗ ಇಳಿಸಿ ಎಳೆತ ಹೆಚ್ಚಿಸಬಹುದು. 1959ರಲ್ಲಿ ಫೋರ್ಡಿನ ಸೆಲೆಕ್ಟ್-ಓ-ಸ್ಪೀಡ್, ಮುಂದಕ್ಕೆ 10 ಗೇರು, ಹಿಂದಕ್ಕೆ 2. ಶುರುವಿನಲ್ಲಿ ಅದು ಬಹಳ ಕಾಟ ಕೊಡ್ತು, ಕಂಪನಿಗೂ ಕೆಟ್ಟ ಹೆಸರು ಬಂತು. 1963ರಲ್ಲಿ ಜಾನ್ ಡಿಯರ್ 4020 ಟ್ರ್ಯಾಕ್ಟರಿಗೆ ಪವರ್ ಶಿಫ್ಟ್ ಬಂತು, ಅದು ನಿಂತುಕೊಂಡಿತು.

ಆ ಕಾಲದ ಯಂತ್ರಗಳ ಗುಣ ಏನಂದ್ರೆ, ಕೆಟ್ಟರೆ ಕಾರಣ ಕಣ್ಣಿಗೆ ಕಾಣೋದು. ಸ್ಪ್ರಿಂಗ್ ಮುರಿದಿದೆ, ವಾಲ್ವ್ ಸಿಕ್ಕಿಕೊಂಡಿದೆ, ಗ್ಯಾಸ್ಕೆಟ್ ಹರಿದಿದೆ. ಸರ್ವಿಸ್ ಪುಸ್ತಕದಲ್ಲಿ ಪ್ರತಿ ಕಾಲುವೆಯ ಚಿತ್ರ ಇರೋದು. ಹೊಸ ಸ್ಪ್ರಿಂಗು, ತೂತಿನ ಅಳತೆ ಬದಲಾಯಿಸಿದ ಪ್ಲೇಟು ಇರೋ ಪೊಟ್ಟಣ ಅಂಗಡೀಲಿ ಸಿಗೋದು, ಮನೇಲೇ ಹಾಕಿಕೊಳ್ಳೋರು. ಒತ್ತಡದ ಗೇಜ್ ಒಂದಿದ್ದರೆ ಸಾಕು. ಕಬ್ಬಿಣದಲ್ಲಿ ಬರೆದಿಟ್ಟ ಬುದ್ಧಿ ಅದು, ಓದಬಲ್ಲವನು ಯಾರು ಬೇಕಾದ್ರೂ ಓದಬಹುದಿತ್ತು.

ಬೀಗ ಬಿದ್ದದ್ದು

1980ರ ದಶಕದಿಂದ ಕಥೆ ಬದಲಾಯ್ತು. ಗವರ್ನರ್ ಹೋಯ್ತು, ಅದರ ಜಾಗದಲ್ಲಿ ಸೆನ್ಸರ್. ವಾಲ್ವ್ ಸರಿಸೋಕೆ ಕರೆಂಟಿನ ಸೊಲೆನಾಯ್ಡ್. ಯಾವಾಗ ಸರಿಸಬೇಕು ಅಂತ ಹೇಳೋಕೆ ಕಂಪ್ಯೂಟರ್. ಅನುಕೂಲ ಆಯ್ತು ಅನ್ನೋದು ಸುಳ್ಳಲ್ಲ, ಇಂಧನ ಉಳೀತು, ಗೇರ್ ನಯವಾಯ್ತು. 2001ರಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಯ ಆರು ಗೇರಿನ ಪೆಟ್ಟಿಗೆ ಬಿಎಂಡಬ್ಲ್ಯು ಕಾರಿಗೆ ಬಂದಾಗ ಕಂಪ್ಯೂಟರ್ ಕೂಡ ವಾಲ್ವ್ ಬಾಡಿ ಮೇಲೇ, ಎಣ್ಣೆ ಒಳಗೇ ಕೂತಿತ್ತು. ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದ್ರು. ಹೊಸ ವಾಲ್ವ್ ಬಾಡಿ ಕೂರಿಸಿದರೆ ಸಾಲದು, ಅದರ ಗುರುತು ಗಾಡಿಯ ಕಂಪ್ಯೂಟರಿಗೆ ಹೇಳಿಕೊಡಬೇಕು. ಹೇಳೋ ಉಪಕರಣ ಇರೋದು ಕಂಪನಿ ಕೈಲಿ.

ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾನೂನು ಸಾಫ್ಟ್‌ವೇರಿನ ಬೀಗ ಮುರಿಯೋದನ್ನ ಅಪರಾಧ ಮಾಡಿತ್ತು. ಅದು ಬಂದಿದ್ದು ಸಿನಿಮಾ, ಹಾಡು ಕದಿಯೋರನ್ನ ತಡೆಯೋಕೆ, ಸಿಕ್ಕಿಹಾಕಿಕೊಂಡಿದ್ದು ರೈತ. ಟ್ರ್ಯಾಕ್ಟರ್ ನಿನ್ನದು, ಒಳಗಿನ ಸಾಫ್ಟ್‌ವೇರ್ ಬಳಸೋಕೆ ಮಾತ್ರ ನಿನಗೆ ಅನುಮತಿ ಅನ್ನೋ ವಾದ ಕಂಪನಿಯಿಂದ ಬಂತು. ಕೊಯ್ಲಿನ ಹೊತ್ತಲ್ಲಿ ಯಂತ್ರ ನಿಂತರೆ ಡೀಲರ್ ಬರೋವರೆಗೂ ಕಾಯಬೇಕು. ಕೊಯ್ಲಲ್ಲಿ ಒಂದು ದಿನ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾ?

ಅಲ್ಲಿನ ರೈತರು ಸುಮ್ಮನೆ ಕೂರಲಿಲ್ಲ. 2015ರಲ್ಲಿ ಟ್ರ್ಯಾಕ್ಟರ್ ಸೇರಿ ನೆಲದ ಮೇಲೆ ಓಡೋ ಗಾಡಿಗಳನ್ನ ಮಾಲೀಕ ರಿಪೇರಿಗಾಗಿ ಬೀಗ ತೆಗೆದು ನೋಡಬಹುದು ಅಂತ ವಿನಾಯಿತಿ ಸಿಕ್ತು. 2023ರ ಜನವರೀಲಿ ಅಲ್ಲಿನ ಫಾರ್ಮ್ ಬ್ಯೂರೋ ಅನ್ನೋ ರೈತ ಸಂಘಟನೆಗೂ ಜಾನ್ ಡಿಯರ್‌ಗೂ ಒಡಂಬಡಿಕೆ ಆಯ್ತು. ಅದೇ ವರ್ಷ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೇ ಕಾನೂನು ಮಾಡಿತು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು, 2024ರ ಜನವರಿ 1ರಿಂದ ಜಾರಿ. 2025ರ ಜನವರೀಲಿ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗವೇ ಆ ಕಂಪನಿ ಮೇಲೆ ಕೋರ್ಟಿಗೆ ಹೋಯ್ತು.

ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮೊದಲು ಗಮನ ಕೊಡೋ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆ ವರ್ಷದ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ತೆರೆದ್ರು, ಕಂಪನಿಗಳು ರಿಪೇರಿ ಮಾಹಿತಿ, ಬಿಡಿಭಾಗದ ವಿವರ ಅಲ್ಲಿ ಹಾಕಬೇಕು ಅಂತ. ಪೋರ್ಟಲ್ ಅಂದ್ರೆ ಕಾನೂನಲ್ಲ, ಅದು ನೆನಪಿರಲಿ.

ನಮ್ಮ ಶೆಡ್ಡಲ್ಲಿ

ಕೊನೆಗೆ ನಾನೂ, ನಮ್ಮ ಚಿಕ್ಕಪ್ಪನ ಮಗನೂ ಸೇರಿ ಬಿಚ್ಚಿದ್ವಿ. ಕಾರನ್ನ ಗಟ್ಟಿ ಸ್ಟ್ಯಾಂಡ್ ಮೇಲೆ ಸಮ ನಿಲ್ಲಿಸಿ, ಬ್ಯಾಟರಿ ವೈರ್ ತೆಗೆದು, ಎಣ್ಣೆ ಇಳಿಸಿದ್ವಿ. ಕೆಳಗಿನ ತಟ್ಟೆಯ ಅಯಸ್ಕಾಂತಕ್ಕೆ ಬೂದಿಯಂಥ ನಯ ಪುಡಿ ಅಂಟಿತ್ತು, ಅಷ್ಟಿರೋದು ಸಹಜ. ದಪ್ಪ ಚೂರು ಸಿಕ್ಕಿದ್ದರೆ ಕ್ಲಚ್ಚೋ ಬೇರಿಂಗೋ ಹೋಗಿದೆ, ವಾಲ್ವ್ ಬಾಡಿ ಬದಲಾಯಿಸಿ ಪ್ರಯೋಜನ ಇಲ್ಲ ಅಂತ ಅರ್ಥ. ಬೋಲ್ಟುಗಳು ಬೇರೆ ಬೇರೆ ಉದ್ದ ಇರ್ತವೆ. ರಟ್ಟಿನ ಮೇಲೆ ಚಿತ್ರ ಬರೆದು ಆಯಾ ಜಾಗಕ್ಕೆ ಚುಚ್ಚಿಟ್ಟುಕೊಂಡ್ವಿ. ಒರೆಸೋಕೆ ನೂಲು ಬಿಡೋ ಬಟ್ಟೆ ಬೇಡ, ಒಂದು ಎಳೆ ಸಾಕು ವಾಲ್ವ್ ಸಿಕ್ಕಿಕೊಳ್ಳೋಕೆ. ಬಿಗಿ ಮಾಡುವಾಗ ಟಾರ್ಕ್ ರೆಂಚು ಬೇಕೇ ಬೇಕು. ಬಹಳ ಗಾಡಿಗಳಲ್ಲಿ ಇದು 10 ನ್ಯೂಟನ್ ಮೀಟರ್ ಆಸುಪಾಸು, ಟ್ರ್ಯಾಕ್ಟರ್ ಕೈ ಹಾಕಿದರೆ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತೆ. ನಿಮ್ಮ ಗಾಡಿ ಪುಸ್ತಕದಲ್ಲಿ ಏನಿದೆಯೋ ಅಷ್ಟೇ ಬಿಗಿ, ಅದೇ ಎಣ್ಣೆ, ಪುಸ್ತಕ ಹೇಳಿದ ಬಿಸಿಯಲ್ಲೇ ಎಣ್ಣೆ ಮಟ್ಟ ನೋಡಬೇಕು.

ಒಂದು ಭಾನುವಾರದ ಕೆಲಸ. ಎಲ್ಲ ಸರಿ ಕೂತಿತು. ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ, ಗಾಡಿ ಮೂರನೇ ಗೇರು ಬಿಟ್ಟು ಕದಲಲ್ಲ. ಹೊಸ ಭಾಗದ ಗುರುತು ಕಂಪ್ಯೂಟರಿಗೆ ಗೊತ್ತಿಲ್ಲ. ಕೊನೆಗೆ ಎಳೆದುಕೊಂಡು ಪೇಟೆಗೆ ಹೋಗಿ, ಉಪಕರಣ ಇದ್ದ ಒಬ್ಬರ ಹತ್ರ ಕೋಡ್ ಹಾಕಿಸಬೇಕಾಯ್ತು. ಹದಿನೈದು ನಿಮಿಷದ ಕೆಲಸ, ಅದಕ್ಕೆ ನಾಲ್ಕು ದಿನ ಕಾದ್ವಿ. ಈಗ ಕಾರು ಬೆಣ್ಣೆ ಥರ ಗೇರ್ ಬದಲಾಯಿಸುತ್ತೆ. ಮೊನ್ನೆ ಅಪ್ಪ ಮೊಳೆಯಿಂದ ಬೀಗದ ಕೈ ತಾವೇ ತಗೊಂಡು ಸಂತೆಗೆ ಹೋದ್ರು.

ಒಂದೇ ಮಾತು ಹೇಳಿ ಮುಗಿಸ್ತೀನಿ. ಹೊಸ ಟ್ರ್ಯಾಕ್ಟರುಗಳಲ್ಲೂ ಲಿಫ್ಟು, ಗೇರು ನಿಧಾನಕ್ಕೆ ಎಲೆಕ್ಟ್ರಾನಿಕ್ ಆಗ್ತಿವೆ. ಶೋರೂಮಲ್ಲಿ ಕೂತಾಗ ಎಚ್‌ಪಿ, ಸಬ್ಸಿಡಿ, ಕಂತು ಎಲ್ಲ ಕೇಳ್ತೀವಿ. ಜೊತೆಗೆ ಇನ್ನೆರಡು ಕೇಳಿ: ಸರ್ವಿಸ್ ಪುಸ್ತಕ ಕೊಡ್ತೀರಾ? ವಾಲ್ವ್ ಬದಲಾಯಿಸಿದರೆ ಕೋಡ್ ಹಾಕೋ ಉಪಕರಣ ಹೊರಗಿನವರಿಗೆ ಸಿಗುತ್ತಾ? ಒಬ್ಬ ಕೇಳಿದರೆ ನಗ್ತಾರೆ, ತಾಲೂಕಿನವರೆಲ್ಲ ಕೇಳಿದರೆ ಉತ್ತರ ಹುಡುಕ್ತಾರೆ. ನಮ್ಮ ಸುತ್ತಿನ ನಾಲ್ಕೂರಿನವರು ಸೇರಿ ಒಂದು ಸ್ಕ್ಯಾನರ್ ತಗೊಳ್ಳೋ ಯೋಚನೆ ಇದೆ, ಮನಸ್ಸಿದ್ದವರು ತಿಳಿಸಿ. ಬಿಚ್ಚಿದ ಹಳೇ ವಾಲ್ವ್ ಬಾಡಿ ಶೆಡ್ಡಲ್ಲೇ ಇದೆ, ಹುಡುಗರನ್ನ ಕರ್ಕೊಂಡು ಬನ್ನಿ, ತೋರಿಸ್ತೀನಿ.