ಬೆಳಿಗ್ಗೆ ಹೊರಡುವ ಮುನ್ನ ಕಾರಿನ ಎಂಜಿನ್ ಬಿಸಿ ಮಾಡಬೇಕೇ?

ಚಳಿಗಾಲದ ಬೆಳಿಗ್ಗೆ ಯಾವುದೇ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಮನೆ ಮುಂದೆ ಸ್ಟಾರ್ಟ್ ಮಾಡಿ ಬಿಟ್ಟಿರುವ ಒಂದೆರಡು ಕಾರುಗಳಾದರೂ ಕಾಣುತ್ತವೆ. ಒಳಗೆ ಯಾರೂ ಇರುವುದಿಲ್ಲ. "ಎಂಜಿನ್ ಬಿಸಿಯಾಗಲಿ, ತಣ್ಣಗಿದ್ದಾಗ ಓಡಿಸಿದರೆ ಬೇಗ ಸವೆಯುತ್ತದೆ" ಎನ್ನುವುದು ಇದಕ್ಕೆ ಕೊಡುವ ಕಾರಣ. ಈ ಮಾತನ್ನು ಅಪ್ಪನಿಂದಲೋ ಡ್ರೈವಿಂಗ್ ಕಲಿಸಿದವರಿಂದಲೋ ಕೇಳಿದವರು ನಮ್ಮಲ್ಲಿ ಬಹಳ ಮಂದಿ. ಇದರಲ್ಲಿ ಎಷ್ಟು ನಿಜ ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ, ಎಂಜಿನ್ ಬಿಸಿಯಾಗಬೇಕು ಎಂಬ ಮಾತು ನಿಜ. ಆದರೆ ಅದನ್ನು ನಿಂತಲ್ಲೇ ಬಿಸಿ ಮಾಡಬೇಕು ಎಂಬುದು ಈಗಿನ ಕಾರುಗಳಿಗೆ ಹೊಂದುವುದಿಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಟರೆ ಸಾಕು. ಹತ್ತು ನಿಮಿಷ ಬಿಟ್ಟರೆ ಪೆಟ್ರೋಲ್ ದಂಡ, ಎಂಜಿನ್ನಿಗೂ ಒಳ್ಳೆಯದಲ್ಲ. ಮುಚ್ಚಿದ ಜಾಗದಲ್ಲಾದರೆ ಜೀವಕ್ಕೇ ಅಪಾಯ.

ಈ ಅಭ್ಯಾಸ ಬಂದದ್ದು ಎಲ್ಲಿಂದ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಮೊದಲ ಕಾಲದ ಮಾರುತಿ 800 ಕಾರುಗಳಲ್ಲಿ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುತ್ತಿದ್ದದ್ದು ಕಾರ್ಬುರೇಟರ್. ಪೆಟ್ರೋಲ್ ಉರಿಯಬೇಕಾದರೆ ಅದು ಆವಿಯಾಗಿ ಗಾಳಿಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗದೆ, ಅದರ ಒಂದಷ್ಟು ಭಾಗ ಹನಿಗಳಾಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ತಲುಪುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ.

ಇದನ್ನು ಸರಿದೂಗಿಸಲು ಡ್ರೈವರ್ ಚೋಕ್ ಎಳೆಯುತ್ತಿದ್ದರು. ಚೋಕ್ ಎಂದರೆ ಗಾಳಿ ಬರುವ ದಾರಿಗೆ ಅಡ್ಡವಿರುವ ಒಂದು ತಗಡು. ಅದು ಗಾಳಿಯನ್ನು ತಡೆದು ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತಿಳಿಯುವ ಉಪಾಯವಿರಲಿಲ್ಲ. ಬಿಸಿಯಾಗುವ ಮೊದಲೇ ಗೇರ್ ಹಾಕಿ ಹೊರಟರೆ ಕಾರು ಜಗ್ಗುತ್ತಿತ್ತು, ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತಿತ್ತು. ಹಾಗಾಗಿ ಎರಡು ಮೂರು ನಿಮಿಷ ಬಿಸಿ ಮಾಡಿ ಹೊರಡುವುದು ಆ ಕಾಲಕ್ಕೆ ಸರಿಯಾದ ಬುದ್ಧಿಮಾತೇ ಆಗಿತ್ತು. ಕಾರು ಬದಲಾಯಿತು, ಮಾತು ಉಳಿಯಿತು.

ಈಗಿನ ಎಂಜಿನ್ ಏನು ಮಾಡುತ್ತದೆ?

ಇಂದು ಮಾರಾಟವಾಗುವ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. ಆ ಕೆಲಸವನ್ನು ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆ ಮಾಡುತ್ತದೆ. ಕೂಲಂಟಿನ ಶಾಖ, ಒಳಬರುವ ಗಾಳಿಯ ಶಾಖ, ಹೊಗೆಯಲ್ಲಿ ಉಳಿದಿರುವ ಆಮ್ಲಜನಕ ಇವನ್ನು ಅಳೆಯಲು ಬೇರೆ ಬೇರೆ ಸೆನ್ಸರ್‌ಗಳಿವೆ. ಆ ಲೆಕ್ಕ ನೋಡಿಕೊಂಡು ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಪ್ರತಿ ಸಲ ಎಷ್ಟು ಪೆಟ್ರೋಲ್ ಸಿಂಪಡಿಸಬೇಕು ಎಂದು ತೀರ್ಮಾನಿಸುತ್ತದೆ. ಎಂಜಿನ್ ತಣ್ಣಗಿದ್ದರೆ ಹೆಚ್ಚು, ಬಿಸಿಯಾದಂತೆ ಕಡಿಮೆ. ಹಿಂದೆ ಕೈಯಲ್ಲಿ ಎಳೆಯುತ್ತಿದ್ದ ಚೋಕಿನ ಕೆಲಸವನ್ನು ಈಗ ಕಂಪ್ಯೂಟರೇ ಮಾಡುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎಂಜಿನ್ ಸದ್ದು ಜೋರಾಗಿದ್ದು, ಸ್ವಲ್ಪ ಹೊತ್ತಿನಲ್ಲಿ ಇಳಿಯುವುದನ್ನು ನೀವು ಗಮನಿಸಿರಬಹುದು. ಅದು ದೋಷವಲ್ಲ. ಎಂಜಿನ್ ಮತ್ತು ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಇಸಿಯು ಬೇಕೆಂದೇ ವೇಗ ಹೆಚ್ಚಿಸಿರುತ್ತದೆ.

ಎಂಜಿನ್ ಆಯಿಲ್ ಮೇಲೇರಲು ಸಮಯ ಬೇಡವೇ?

ಬೇಕು, ಆದರೆ ಅದು ನಿಮಿಷಗಳ ಲೆಕ್ಕವಲ್ಲ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆಯಿಲ್ ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಬಿಡಿಭಾಗಗಳ ಮೇಲೆ ತೆಳುವಾದ ಪದರವಷ್ಟೇ ಉಳಿದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಪಂಪ್ ಕೆಲಸ ಶುರು ಮಾಡಿ ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಆರುವುದು ಇದೇ ಕಾರಣಕ್ಕೆ. ಅದು ಆರದೇ ಇದ್ದರೆ ಬಿಸಿಯಾಗಲಿ ಎಂದು ಕಾಯಬೇಡಿ, ತಕ್ಷಣ ಎಂಜಿನ್ ಬಂದ್ ಮಾಡಿ ಮೆಕ್ಯಾನಿಕ್‌ಗೆ ತೋರಿಸಿ.

ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದು ಬರೆದಿರುತ್ತಾರಲ್ಲ, ಅದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಹಿಂದಿನ ಕಾರುಗಳಿಗೆ ಹಾಕುತ್ತಿದ್ದ 20ಡಬ್ಲ್ಯು-50 ಆಯಿಲ್ ಚಳಿಯಲ್ಲಿ ಗಟ್ಟಿಯಾಗಿರುತ್ತಿತ್ತು. ಈಗಿನದು ಹಾಗಲ್ಲ. ಅಷ್ಟಕ್ಕೂ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಎಂಜಿನ್ ಆಯಿಲ್ ಲೆಕ್ಕದಲ್ಲಿ ಇದು ಚಳಿಯೇ ಅಲ್ಲ.

ನಿಂತಲ್ಲೇ ಬಿಟ್ಟರೆ ಏನು ನಷ್ಟ?

ಮೊದಲನೆಯದು ಇಂಧನ. ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಆನ್ ಇದ್ದರೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ದಿನಕ್ಕೆ 10 ನಿಮಿಷದಂತೆ ವರ್ಷದಲ್ಲಿ 300 ದಿನ ಎಂದರೆ 50 ಗಂಟೆ. ಅಂದರೆ 25ರಿಂದ 50 ಲೀಟರ್ ಪೆಟ್ರೋಲ್ ಒಂದು ಅಡಿಯೂ ಮುಂದೆ ಹೋಗದೆ ಖರ್ಚಾಗುತ್ತದೆ.

ಎರಡನೆಯದು ಎಂಜಿನ್ನಿನ ಆಯುಷ್ಯ. ತಣ್ಣಗಿರುವ ಎಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ ಎಂದೆವಲ್ಲ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು ಕೆಳಗಿಳಿದು ಸಂಪ್‌ನಲ್ಲಿರುವ ಆಯಿಲನ್ನು ತೆಳುವಾಗಿಸುತ್ತದೆ. ನಿಂತ ಎಂಜಿನ್ನಿಗೆ ಭಾರವಿಲ್ಲದ ಕಾರಣ ಅದು ಬಿಸಿಯಾಗುವುದು ನಿಧಾನ. ತಣ್ಣಗಿರುವ ಅವಧಿ ಉದ್ದವಾದಷ್ಟೂ ಈ ತೊಳೆಯುವಿಕೆಯೂ ಹೆಚ್ಚು. ಸವೆತ ತಪ್ಪಿಸಲೆಂದು ಮಾಡುವ ಕೆಲಸವೇ ಸವೆತಕ್ಕೆ ದಾರಿಯಾಗುತ್ತದೆ.

ಮೂರನೆಯದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬೆಳಿಗ್ಗೆ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಇದೇ ನೀರು. ಸೈಲೆನ್ಸರ್ ಚೆನ್ನಾಗಿ ಕಾದರೆ ಅದು ಆವಿಯಾಗಿಯೇ ಹೊರಹೋಗುತ್ತದೆ. ಪ್ರತಿದಿನ ಅರೆಬರೆ ಬಿಸಿ ಮಾಡಿ ನಿಲ್ಲಿಸಿದರೆ ಒಳಗೇ ಉಳಿದು ತುಕ್ಕು ಹಿಡಿಸುತ್ತದೆ.

ಇನ್ನೊಂದು ಮಾತು. ಕಾರು ಎಂದರೆ ಎಂಜಿನ್ ಮಾತ್ರವಲ್ಲ. ಗೇರ್‌ಬಾಕ್ಸಿನ ಆಯಿಲ್, ಚಕ್ರದ ಬೇರಿಂಗ್, ಟಯರ್, ಶಾಕ್ ಅಬ್ಸಾರ್ಬರ್ ಎಲ್ಲವೂ ರಾತ್ರಿ ತಣ್ಣಗಾಗಿರುತ್ತವೆ. ನಿಂತಲ್ಲೇ ಎಷ್ಟು ಹೊತ್ತು ಬಿಟ್ಟರೂ ಅವು ಹದಕ್ಕೆ ಬರುವುದಿಲ್ಲ. ಚಕ್ರ ಉರುಳಿದರೆ ಮಾತ್ರ ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಅಪಾಯ: ಮುಚ್ಚಿದ ಶೆಡ್ಡಿನ ಹೊಗೆ

ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯಲ್ಲಿರುವ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈ ಆಕ್ಸೈಡ್ ಆಗಿ ಬದಲಿಸುತ್ತದೆ. ಆದರೆ ಅದು ಸರಿಯಾಗಿ ಕೆಲಸ ಮಾಡಲು ಸುಮಾರು 250ರಿಂದ 300 ಡಿಗ್ರಿಯಾದರೂ ಕಾಯಬೇಕು. ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ಅದು ತಣ್ಣಗಿರುತ್ತದೆ, ಮಿಶ್ರಣದಲ್ಲಿ ಪೆಟ್ರೋಲೂ ಹೆಚ್ಚಿರುತ್ತದೆ. ಹಾಗಾಗಿ ಕಾರಿನಿಂದ ಅತಿ ಹೆಚ್ಚು ವಿಷಾನಿಲ ಬರುವುದು ನಾವು ಅದನ್ನು 'ಬಿಸಿ ಮಾಡುವ' ಹೊತ್ತಿನಲ್ಲೇ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು, ಪ್ರಜ್ಞೆ ತಪ್ಪುವುದು, ಸಾವು. ನಿದ್ದೆಯಲ್ಲಿರುವವರಿಗೆ ಈ ಮುನ್ಸೂಚನೆಗಳು ಗೊತ್ತೇ ಆಗುವುದಿಲ್ಲ.

ಮನೆಗೆ ಅಂಟಿಕೊಂಡ ಶೆಡ್ ಅಥವಾ ಗಾಳಿಯಾಡದ ಬೇಸ್‌ಮೆಂಟ್ ಇದ್ದರೆ, ಸ್ಟಾರ್ಟ್ ಮಾಡಿದ ತಕ್ಷಣ ಕಾರನ್ನು ಹೊರಗೆ ತನ್ನಿ. ಶಟರ್ ಅರ್ಧ ಎತ್ತಿದ್ದೇನೆ, ಕಿಟಕಿ ತೆರೆದಿದೆ ಎಂದು ನಂಬಿ ಬಿಡಬೇಡಿ. ಶೆಡ್ಡಿನಿಂದ ಮನೆಯೊಳಗಿನ ಕೋಣೆಗೂ ಹೊಗೆ ಸೇರಬಹುದು. ಮುಚ್ಚಿದ ಜಾಗದಲ್ಲಿ ನಿಲ್ಲಿಸಿದ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಮಲಗುವುದೂ ಇಷ್ಟೇ ಅಪಾಯ.

ಯಾರಾದರೂ ಹೊಗೆಯಿಂದ ಅಸ್ವಸ್ಥರಾದರೆ ಬಾಗಿಲು ತೆರೆದು ಅವರನ್ನು ಕೂಡಲೇ ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಎಂಜಿನ್ ಹೊಗೆ ಕುಡಿದಿದ್ದಾರೆ ಎಂದು ವೈದ್ಯರಿಗೆ ತಪ್ಪದೆ ತಿಳಿಸಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಅದು ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದೆ 'ಎಲ್ಲ ಸರಿಯಿದೆ' ಎಂದು ತೋರಿಸಬಹುದು.

ಡೀಸೆಲ್, ಸಿಎನ್‌ಜಿ, ಬೈಕ್‌ಗಳಿಗೆ ಏನು?

ಡೀಸೆಲ್ ಕಾರಿನಲ್ಲಿ ಕೀ ತಿರುಗಿಸಿದಾಗ ಸುರುಳಿ ಆಕಾರದ ಒಂದು ದೀಪ ಹೊತ್ತಿಕೊಳ್ಳುತ್ತದೆ. ಗ್ಲೋ ಪ್ಲಗ್‌ಗಳು ಸಿಲಿಂಡರನ್ನು ಕಾಯಿಸುತ್ತಿವೆ ಎಂಬುದರ ಗುರುತು ಅದು. ಆರಿದ ಮೇಲೆ ಸ್ಟಾರ್ಟ್ ಮಾಡಿ. ಆಮೇಲೆ ಕಾಯಬೇಕಾದದ್ದು ಇಲ್ಲಿಯೂ ಅರ್ಧ ನಿಮಿಷವೇ. ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ನಿಂತಲ್ಲೇ ಓಡಿಸಿದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ.

ಟರ್ಬೊ ಇರುವ ಕಾರುಗಳಲ್ಲಿ ಎಂಜಿನ್ ಬಿಸಿಯಾಗುವ ತನಕ ಜೋರಾಗಿ ಆ್ಯಕ್ಸಿಲರೇಟರ್ ತುಳಿಯಬಾರದು. ಘಾಟಿ ಹತ್ತಿಯೋ ಹೆದ್ದಾರಿಯಲ್ಲಿ ವೇಗವಾಗಿ ಬಂದೋ ನಿಲ್ಲಿಸಿದಾಗ ಬಂದ್ ಮಾಡುವ ಮುನ್ನ ಒಂದೆರಡು ನಿಮಿಷ ಬಿಡುವುದು ಒಳ್ಳೆಯದು. ಹಲವು ಸಿಎನ್‌ಜಿ ಕಾರುಗಳು ತಣ್ಣಗಿರುವಾಗ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ತಾವಾಗಿಯೇ ಸಿಎನ್‌ಜಿಗೆ ಬದಲಾಗುತ್ತವೆ. 2020ರ ಏಪ್ರಿಲಿನಲ್ಲಿ ಬಿಎಸ್6 ನಿಯಮ ದೇಶದಾದ್ಯಂತ ಜಾರಿಯಾದ ಮೇಲೆ ಬಂದ ಬಹುತೇಕ ಬೈಕ್, ಸ್ಕೂಟರುಗಳಲ್ಲೂ ಇಂಜೆಕ್ಷನ್ ಇದೆ, ಅವಕ್ಕೂ ಇದೇ ಮಾತು. ನಿಮ್ಮ ಬಳಿ ಇನ್ನೂ ಚೋಕ್ ಇರುವ ಹಳೆಯ ಗಾಡಿಯಿದ್ದರೆ ಮಾತ್ರ ಒಂದೆರಡು ನಿಮಿಷ ಬಿಸಿ ಮಾಡುವ ಹಳೆಯ ಕ್ರಮವೇ ಸರಿ. ಎಲೆಕ್ಟ್ರಿಕ್ ಕಾರಿನಲ್ಲಿ ಬಿಸಿ ಮಾಡಲು ಎಂಜಿನ್ನೇ ಇಲ್ಲ.

ನಿಜವಾದ ಚಳಿ ಇರುವಲ್ಲಿ?

ಲಡಾಖಿನಂಥ ಕಡೆ ಸಮಸ್ಯೆಯೇ ಬೇರೆ. ಅಲ್ಲಿ ಸಾಮಾನ್ಯ ಡೀಸೆಲ್ಲಿನಲ್ಲಿರುವ ಮೇಣದ ಅಂಶ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇದಕ್ಕಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಅಲ್ಲಿಗೆ ತಂದಿತು. ಚಳಿಗಾಲದಲ್ಲಿ ಇಲ್ಲಿಂದ ಆ ಕಡೆ ಕಾರು ಒಯ್ಯುವವರು ಅಲ್ಲಿ ಸಿಗುವ ಇಂಧನವನ್ನೇ ತುಂಬಿಸಿಕೊಳ್ಳುವುದು ಕ್ಷೇಮ.

ಕೆನಡಾ, ಸ್ವೀಡನ್ನಿನಂಥ ದೇಶಗಳಲ್ಲಿ ರಾತ್ರಿ ಕರೆಂಟಿನಿಂದ ಎಂಜಿನ್ ಬೆಚ್ಚಗಿಡುವ ಹೀಟರ್ ಬಳಸುತ್ತಾರೆ. ಗಾಜಿನ ಮೇಲಿನ ಮಂಜನ್ನು ಪೂರ್ತಿ ತೆಗೆದೇ ಹೊರಡಬೇಕು, ಏಕೆಂದರೆ ದಾರಿ ಕಾಣಬೇಕು. ಅಮೆರಿಕದ ಇಂಧನ ಇಲಾಖೆಯ ಸಲಹೆಯೂ ಸುಮಾರು 30 ಸೆಕೆಂಡ್ ಬಿಟ್ಟು ನಿಧಾನವಾಗಿ ಹೊರಡಿ ಎಂದೇ. ಜರ್ಮನಿಯಲ್ಲಂತೂ ಅನಗತ್ಯವಾಗಿ ಎಂಜಿನ್ ಆನ್ ಇಟ್ಟು ನಿಲ್ಲುವುದು ಸಂಚಾರ ನಿಯಮಕ್ಕೆ ವಿರುದ್ಧ.

ಓಡಿಸದ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕೇ?

ಸಾಲದು. ಸ್ಟಾರ್ಟರ್ ಮೋಟರ್ ಬ್ಯಾಟರಿಯಿಂದ ಎಳೆದುಕೊಂಡ ಶಕ್ತಿ ಐದು ನಿಮಿಷದಲ್ಲಿ ಪೂರ್ತಿ ಮರಳದೇ ಇರಬಹುದು. ಜೊತೆಗೆ ಮೇಲೆ ಹೇಳಿದ ನೀರು, ಪೆಟ್ರೋಲ್ ಒಳಗೇ ಉಳಿಯುತ್ತವೆ. ವಾರಕ್ಕೊಮ್ಮೆ 20ರಿಂದ 30 ನಿಮಿಷ ರಸ್ತೆಯಲ್ಲಿ ಓಡಿಸಿ. ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವಾದರೆ ಕೈಪಿಡಿ ನೋಡಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಬಹುದು.

ಹಾಗಾದರೆ ಹೊರಡುವ ಸರಿಯಾದ ಕ್ರಮವೇನು?

1. ಸಾಮಾನು ಇಡುವುದು, ಗಾಜು ಒರೆಸುವುದು, ಮಕ್ಕಳನ್ನು ಕೂರಿಸುವುದು ಎಲ್ಲ ಮುಗಿಸಿ ಕೊನೆಯಲ್ಲಿ ಸ್ಟಾರ್ಟ್ ಮಾಡಿ.
2. ಆಯಿಲ್ ದೀಪ ಆರಿತೇ ನೋಡಿ. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಳ್ಳುವಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ. ಮುಚ್ಚಿದ ಜಾಗವಾದರೆ ಇದನ್ನೆಲ್ಲ ಕಾರನ್ನು ಹೊರಗೆ ತಂದ ಮೇಲೆ ಮಾಡಿ.
3. ನಿಂತಲ್ಲೇ ರೇಸ್ ಕೊಡಬೇಡಿ. ಆಯಿಲ್ ತಣ್ಣಗಿರುವಾಗ ಸವೆತ ಹೆಚ್ಚಾಗುವುದು ಹೀಗೆಯೇ.
4. ಮೊದಲ ಐದು ಹತ್ತು ನಿಮಿಷ ಹದವಾಗಿ ಓಡಿಸಿ. ಜೋರಾಗಿ ಎಳೆಸಬೇಡಿ, ಎಂಜಿನ್ ವೇಗವನ್ನು 2,500 ಆರ್‌ಪಿಎಂ ಒಳಗೆ ಇಟ್ಟುಕೊಂಡರೆ ಸಾಕು.
5. ನೀಲಿ ಬಣ್ಣದ ಶಾಖ ಸೂಚಕ ದೀಪವಿದ್ದರೆ ಅದು ಆರುವ ತನಕ ಈ ಎಚ್ಚರ ಇರಲಿ. ಕೂಲಂಟಿಗಿಂತ ಆಯಿಲ್ ನಿಧಾನವಾಗಿ ಕಾಯುವುದರಿಂದ ದೀಪ ಆರಿದ ಮೇಲೂ ಕೆಲವು ನಿಮಿಷ ಹಾಗೆಯೇ ಓಡಿಸಿ.
6. ನಿಮ್ಮ ಕಾರಿನ ಕೈಪಿಡಿ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಪಾಲಿಸಿ.

ಎಂಜಿನ್ ಬೇಗ ಬಿಸಿಯಾಗುವುದು ಕೆಲಸ ಮಾಡಿದಾಗ. ನಿಧಾನವಾಗಿ ಓಡಿಸುವ ಮೊದಲ ಎರಡು ಮೂರು ಕಿಲೋಮೀಟರೇ ಅದನ್ನು ಬಿಸಿ ಮಾಡುವ ಸರಿಯಾದ ವಿಧಾನ. ನಾಳೆ ಬೆಳಿಗ್ಗೆ ಕಾಫಿ ಮುಗಿಸಿಯೇ ಕೀ ತಿರುಗಿಸಿ.