ಬಲ್ಮಠದ ಗುಡ್ಡಕ್ಕೆ ಬಂದ ಜರ್ಮನ್ ಹುಡುಗರು

1834ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಮ್ಯುವೆಲ್ ಹೆಬಿಕ್, ಯೋಹಾನ್ ಲೆಹ್ನರ್, ಕ್ರಿಸ್ಟಿಯನ್ ಗ್ರೈನರ್ ಎಂಬ ಮೂವರು ಮಂಗಳೂರು ಮುಟ್ಟಿದರು. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತೈದು ವರ್ಷವಿತ್ತು. ಆಫ್ರಿಕಾದ ತುದಿಯನ್ನು ಬಳಸಿಕೊಂಡು, ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆದು ಬಂದವರು ಅವರು. ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್. ಹಿಂದಿನ ವರ್ಷವಷ್ಟೇ ಚಾರ್ಟರ್ ಕಾಯಿದೆ ನವೀಕರಣಗೊಂಡು, ಬ್ರಿಟಿಷರಲ್ಲದ ಪಾದ್ರಿಗಳೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ನೆಲೆಸಲು ದಾರಿ ಸಿಕ್ಕಿತ್ತು.

ಇವರ ಹಿಂದೆ ಬಂದ ಹಲವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕಸುಬುದಾರರ ಮಕ್ಕಳು. ಬಾಸೆಲ್ಲಿನ ಸೆಮಿನರಿಯಲ್ಲಿ ವರ್ಷಗಟ್ಟಲೆ ಬೈಬಲ್, ಭಾಷೆಗಳು, ಜತೆಗೆ ಕೈಕಸುಬು ಕಲಿತು, ಇಪ್ಪತ್ತು ದಾಟಿದ ವಯಸ್ಸಿಗೆ ತಾಯಿತಂದೆಯರನ್ನು ಬಿಟ್ಟು ಹೊರಟವರು. ಮದುವೆಗೂ ಮಿಷನ್ನಿನ ಸಮಿತಿ ಒಪ್ಪಿಗೆ ಕೊಡಬೇಕಿತ್ತು. ಎಷ್ಟೋ ಸಲ ವಧುವನ್ನು ಊರಿನಿಂದಲೇ ಆರಿಸಿ ಹಡಗು ಹತ್ತಿಸುತ್ತಿದ್ದರು. ನಮ್ಮಲ್ಲಿ ಅನೇಕರು ಅದೇ ವಯಸ್ಸಿನಲ್ಲಿ ಊರು ಬಿಟ್ಟು ಬಂದವರೇ. ಆದರೆ ನಮಗೆ ವಾರಕ್ಕೊಮ್ಮೆ ಅಮ್ಮನ ದನಿಯಾದರೂ ಕೇಳುತ್ತದೆ. ಅವರು ಬರೆದ ಕಾಗದಕ್ಕೆ ಉತ್ತರ ಬರಲು ಒಂದು ಮಳೆಗಾಲವೇ ಕಳೆದುಹೋಗುತ್ತಿತ್ತು.

ಕರಾವಳಿಯ ಸೆಕೆ, ಜ್ವರ, ಹೊಟ್ಟೆಬೇನೆ ಅವರನ್ನು ಬಿಡಲಿಲ್ಲ. ಬಳಲಿದವರು ಚೇತರಿಸಿಕೊಳ್ಳಲೆಂದು ನೀಲಗಿರಿಯ ಕೇಟಿಗೆ ಹೋಗುತ್ತಿದ್ದರು. ಕನ್ನಡ ಬೈಬಲ್ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದು 1855ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಅವರ ವಿಧವೆ ಪೌಲೀನೆ ಮುಂದೆ ಹರ್ಮನ್ ಮೋಗ್ಲಿಂಗರನ್ನು ಮದುವೆಯಾದರು.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ಪಾದ್ರಿಗಳು ವಿದ್ವಾಂಸರಾಗಿಯೇ ಕಾಣಿಸಿಕೊಳ್ಳುತ್ತಾರೆ. ಅವರು ಬಂದದ್ದು ನಿಘಂಟು ಬರೆಯಲಲ್ಲ, ಮತ ಬದಲಿಸಲು. ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಹೆಚ್ಚು, ಗೇಣಿಗೆ ದುಡಿಯುವ ಬಡವರು ಹೆಚ್ಚು. ಆಗ ಎದುರಾದ ಪ್ರಶ್ನೆ ಬಾಸೆಲ್ಲಿನ ಪಾಠದಲ್ಲಿ ಇರಲಿಲ್ಲ. ಕ್ರೈಸ್ತನಾದವನು ಶೇಂದಿ ಇಳಿಸಬಾರದು ಎಂದು ಮಿಷನ್ ಹೇಳುತ್ತದೆ. ಶೇಂದಿ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ಭೂತದ ಕೋಲಕ್ಕೆ ಹೋಗದವನನ್ನು ನೆಂಟರು ಕೈಬಿಡುತ್ತಾರೆ, ಧಣಿ ಗೇಣಿ ಬಿಡಿಸುತ್ತಾನೆ. ಒಂದು ಸಂಸಾರದ ಅನ್ನವನ್ನೇ ಕಿತ್ತುಕೊಂಡ ಮೇಲೆ ಪ್ರಾರ್ಥನೆ ಹೇಳಿಕೊಟ್ಟರೆ ಮುಗಿಯಿತೇ?

ಬೇಸಾಯ, ಬಡಗಿ ಕೆಲಸ ಎಂದು ಹಲವನ್ನು ಮಾಡಿನೋಡಿದರು. ಹೆಚ್ಚಿನವು ಕೈಗೂಡಲಿಲ್ಲ. 1851ರಲ್ಲಿ ಬಂದ ಯೋಹಾನ್ ಹಾಲರ್ ಮಂಗಳೂರಿನಲ್ಲಿ ನೇಯ್ಗೆಯನ್ನು ನೆಲೆಗೊಳಿಸಿದರು. ಖಾಕಿ ಬಣ್ಣದ ಬಟ್ಟೆಯನ್ನು ಅವರ ಹೆಸರಿನ ಜತೆ ಮಂಗಳೂರಿಗರು ಇವತ್ತಿಗೂ ಹೆಮ್ಮೆಯಿಂದ ಜೋಡಿಸುತ್ತಾರೆ. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಕಂಡವರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಮಂಗಳೂರು ಹೆಂಚಿನ ಕಥೆ ಶುರುವಾಗುವುದು ಅಲ್ಲಿಂದ. ಕರಾವಳಿಯ ಜಡಿಮಳೆಗೆ ಹುಲ್ಲಿನ ಮಾಡಿಗಿಂತ ಗಟ್ಟಿ ಸೂರು ಸಿಕ್ಕಿತು, ಕುಲ ಬಿಟ್ಟವರಿಗೆ ಕೂಲಿ ಸಿಕ್ಕಿತು, ಹೆಂಚು ಹಡಗು ಹತ್ತಿ ಹೊರದೇಶಕ್ಕೂ ಹೋಯಿತು. ನನ್ನ ಲೆಕ್ಕದಲ್ಲಿ ಮಿಷನ್ನಿನ ಅತ್ಯಂತ ಪ್ರಾಮಾಣಿಕ ಕೆಲಸ ಇದು. ತಾವು ತಂದಿಟ್ಟ ಸಂಕಟಕ್ಕೆ ತಾವೇ ಹೊಣೆ ಹೊತ್ತ ಕೆಲಸ.

ಕನ್ನಡದ ಕಡೆಗೆ ಬಂದರೆ ಮೋಗ್ಲಿಂಗರ ಹೆಸರು ಮೊದಲು. ಟ್ಯೂಬಿಂಗನ್ನಿನಲ್ಲಿ ಓದಿದ್ದ ಅವರು 1836ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು ಇಪ್ಪತ್ತೈದು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಎರಡು ವಾರಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರಕಾರದ ನಿರೂಪ, ಗಾದೆ, ಕತೆ, ಹಾಡು ಎಲ್ಲವೂ ಅದರಲ್ಲಿ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಜುಲೈ 1 ನಮ್ಮ ಪತ್ರಿಕಾ ದಿನವಾಗಿರುವುದು ಇದರಿಂದಲೇ. ಮೋಗ್ಲಿಂಗರು ಅಲ್ಲಿಗೆ ನಿಲ್ಲಲಿಲ್ಲ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ 1848ರ ಹೊತ್ತಿಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ತಾಳೆಗರಿಯಿಂದ ಕಾಗದಕ್ಕೆ ಇಳಿದವು. ವೈಷ್ಣವರ ಕೀರ್ತನೆಯನ್ನೂ ಶರಣರ ಪುರಾಣವನ್ನೂ ಒಬ್ಬ ಕ್ರೈಸ್ತ ಪಾದ್ರಿ ಒಂದೇ ಮಾಲೆಯಲ್ಲಿ ಅಚ್ಚುಹಾಕಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಫರ್ಡಿನೆಂಡ್ ಕಿಟ್ಟೆಲ್ ಬಂದದ್ದು 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ಉತ್ತರ ಜರ್ಮನಿಯ ಕಡಲ ಸೀಮೆಯ ಪಾದ್ರಿಯ ಮಗ. ಹುಬ್ಬಳ್ಳಿ–ಧಾರವಾಡದ ಕಡೆ ಕಾಲ್ನಡಿಗೆಯಲ್ಲಿ ತಿರುಗಿ, ಜನರ ಬಾಯಿಂದಲೇ ಮಾತು ಕಲಿತರು. ಇಲ್ಲಿಯವರ ನಡುವೆ ಇಲ್ಲಿಯವನಂತೆ ಬದುಕಬೇಕೆಂಬ ಹಟ ಅವರದು. ಮಿಷನ್ನಿನ ಹಿರಿಯರಿಗೆ ಅದು ಹಿಡಿಸಲಿಲ್ಲ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲೇ ಹಾಡಿದರು. ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಹೆಂಡತಿಯನ್ನು ಕಳೆದುಕೊಂಡರು. ಮುಂದೆ ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದಸ್ಸು’ ಅವರ ಕೈಯಿಂದ ಅಚ್ಚಿಗೆ ಹೋದವು. ಬಳಿಕ ನಿಘಂಟು. 1877ರಲ್ಲಿ ಊರಿಗೆ ಮರಳಿದ್ದವರು ಐವತ್ತರ ವಯಸ್ಸಿನಲ್ಲಿ ಅದಕ್ಕೆಂದೇ ಮತ್ತೆ ಈ ಸೆಕೆಗೆ ಬಂದರು. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂತು. ಹಳಗನ್ನಡದ ಪ್ರಯೋಗದ ಪಕ್ಕದಲ್ಲೇ ಹಳ್ಳಿಯ ಗಾದೆಗೂ ಅಲ್ಲಿ ಜಾಗವಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಹುಡುಗರು ನಮ್ಮ ದೇವರುಗಳನ್ನು, ಭೂತಾರಾಧನೆಯನ್ನು ಕಡುವಾಗಿ ಖಂಡಿಸಿದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ವಿದ್ಯಾರ್ಥಿ ಮತ ಬದಲಿಸಿದಾಗ ಮಂಗಳೂರು ಕುದಿಯಿತು. ಮುಂದೆ ಕೌಂಡಿನ್ಯರು ಬಾಸೆಲ್ಲಿನಲ್ಲೇ ಓದಿ ಪಾದ್ರಿಯಾಗಿ ಮರಳಿದರು. ಮತ ಬದಲಿಸಿದವರ ಮನೆಗಳ ನೋವನ್ನು ನಾವು ಮರೆಯಬಾರದು. ಅಷ್ಟೇ ಮುಖ್ಯವಾಗಿ, ಈ ಪಾದ್ರಿಗಳಿಗೆ ಅಕ್ಷರ ತಿದ್ದಿಸಿದ ಮುನ್ಷಿಗಳನ್ನು, ಓಲೆಗರಿ ಓದಿ ಹೇಳಿದ ಪಂಡಿತರನ್ನು, ದಾರಿಯಲ್ಲಿ ಸಿಕ್ಕ ಪರದೇಶಿಗೆ ಗಿಡದ, ಹಕ್ಕಿಯ ಹೆಸರು ಹೇಳಿದ ರೈತರನ್ನು ನೆನೆಯಬೇಕು. ನಿಘಂಟಿನ ಮುಖಪುಟದಲ್ಲಿ ಒಂದೇ ಹೆಸರಿದೆ. ಒಳಗಿನ ಮಾತುಗಳನ್ನು ಕೊಟ್ಟವರು ಇವರು. ಕಲಿಸಲು ಬಂದವರನ್ನು ಕೂರಿಸಿ ಕಲಿಸಿದ ಈ ಜನರ ತಾಳ್ಮೆ ದೊಡ್ಡದು.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಅವರನ್ನು ಸೆರೆಯಲ್ಲಿಟ್ಟರು, ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅವರ ಕೆಲಸದ ಗುರುತು ಕಾಣಬೇಕಾದರೆ, ರಜೆಗೆ ಊರಿಗೆ ಹೋದಾಗ ಬಿಡುವು ಮಾಡಿಕೊಂಡು ಮಂಗಳೂರಿನ ಬಲ್ಮಠದ ಗುಡ್ಡಕ್ಕೆ ಹೋಗಿ. ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಆ ಕಾಲದ ಪುಸ್ತಕ, ಕಡತಗಳ ಸಂಗ್ರಹವಿದೆ. ಅವರ ಕೆಲಸ ಕಡತದಲ್ಲಷ್ಟೇ ಉಳಿಯಲಿಲ್ಲ: ಕಿಟ್ಟೆಲ್ಲರ ನಿಘಂಟನ್ನು ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ವಿಸ್ತರಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ 4 ಸಂಪುಟಗಳಲ್ಲಿ ಪ್ರಕಟಿಸಿತು.