ಮಾರ್ಪಡಿಸಿದ ಕಾರ್ ಆಲ್ಟರ್ನೇಟರ್: ಫೀಲ್ಡ್ ನಿಯಂತ್ರಣದ ವೇಗ ಮತ್ತು ಮಿತಿ

ಕಾರಿನ ಆಲ್ಟರ್ನೇಟರ್‌ನಲ್ಲಿ ಅಡಕವಾಗಿರುವ ರೆಗ್ಯುಲೇಟರನ್ನು ಕಿತ್ತು, ಬ್ರಶ್‌ಗಳಿಂದ ಎರಡು ವೈರ್ ಹೊರಗೆಳೆದು ಬೇರೊಂದು ನಿಯಂತ್ರಕಕ್ಕೆ ಜೋಡಿಸುವ ರೂಢಿ ದೋಣಿಗಳಲ್ಲೂ ಕ್ಯಾಂಪರ್ ವ್ಯಾನ್‌ಗಳಲ್ಲೂ ಇದೆ. ಇದಕ್ಕೆ ಮುಖ್ಯ ಕಾರಣ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ಎಳೆಯುವ ಕರೆಂಟನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯ ಆಂತರಿಕ ರೋಧ ತೀರ ಕಡಿಮೆ, ಬಹುಪಾಲು ತುಂಬುವ ತನಕ ಕೊಟ್ಟಷ್ಟನ್ನೂ ಎಳೆಯುತ್ತದೆ. ಎಂಜಿನ್ ನಿಧಾನವಾಗಿದ್ದಾಗ ಶಾಫ್ಟಿನ ಮೇಲಿನ ಫ್ಯಾನೂ ನಿಧಾನ, ಸ್ಟೇಟರ್ ಕಾಯುತ್ತದೆ. ಹಾಗಾಗಿ ನಿಯಂತ್ರಕ ವೋಲ್ಟೇಜಿನ ಜೊತೆಗೆ ಕರೆಂಟನ್ನೂ ಸ್ಟೇಟರಿನ ತಾಪವನ್ನೂ ಅಳೆಯಬೇಕೆಂಬುದರಲ್ಲಿ ತಕರಾರಿಲ್ಲ.

ತಕರಾರಿರುವುದು ವೇಗದ ವಿಷಯದಲ್ಲಿ. ನಿಯಂತ್ರಕ ಆಲ್ಟರ್ನೇಟರನ್ನು ಹತೋಟಿಯಲ್ಲಿಡುವುದು ರೋಟರಿನ ಫೀಲ್ಡ್ ಸುರುಳಿಯ ಕರೆಂಟನ್ನು ಬದಲಿಸಿ. ಆ ಸುರುಳಿಯ ರೋಧ 3 ಓಮ್, ಪ್ರೇರಕತೆ 0.2 ಹೆನ್ರಿ ಎಂದಿಟ್ಟುಕೊಂಡರೆ ಕಾಲಸ್ಥಿರಾಂಕ ಸುಮಾರು 67 ಮಿಲಿಸೆಕೆಂಡ್. ನಿಯಂತ್ರಕದ ಮಾಸ್‌ಫೆಟ್ ಸ್ವಿಚ್ ಸೆಕೆಂಡಿಗೆ ಕೆಲವು ನೂರು ಸಲ ಆನ್-ಆಫ್ ಆದರೂ ಕರೆಂಟ್ ನಯವಾಗಿ ಹರಿಯುವುದು ಇದರಿಂದಲೇ. ಆದರೆ 4 ಆಂಪಿಯರ್ ಹರಿಯುತ್ತಿರುವಾಗ ಮಾಸ್‌ಫೆಟ್ ಆಫ್ ಮಾಡಿದರೆ, ಕರೆಂಟ್ ಫ್ರೀವೀಲಿಂಗ್ ಡಯೋಡಿನ ಮೂಲಕ ಸುತ್ತುತ್ತಲೇ ಇರುತ್ತದೆ. ಡಯೋಡಿನ 0.7 ವೋಲ್ಟನ್ನು ಲೆಕ್ಕಕ್ಕೆ ಹಿಡಿದರೆ ಅದು ಸೊನ್ನೆಗಿಳಿಯಲು ಸುಮಾರು 190 ಮಿಲಿಸೆಕೆಂಡ್ ಬೇಕು. ಅದೇ ದಾರಿಯಲ್ಲಿ 40 ವೋಲ್ಟಿನ ಝೀನರ್ ಸೇರಿಸಿದರೆ 17 ಮಿಲಿಸೆಕೆಂಡ್ ಸಾಕು. ಬದಲಿಗೆ ಮಾಸ್‌ಫೆಟ್ 55 ವೋಲ್ಟಿಗೂ ಮಿಕ್ಕ ಒತ್ತಡ ತಾಳಬೇಕು. ಮಾಮೂಲಿ ಹೊತ್ತಿನಲ್ಲಿ ಝೀನರನ್ನು ಬೈಪಾಸ್ ಮಾಡಲು ಇನ್ನೊಂದು ಸ್ವಿಚ್ಚೂ ಬೇಕು. ಆದರೂ ಈ ಲಾಭ ಪೂರ್ತಿ ಕೈಗೆ ಸಿಗದು: ರೋಟರಿನ ಪಂಜದಂಥ ಧ್ರುವಗಳು ಗಟ್ಟಿ ಕಬ್ಬಿಣದವು, ಅವುಗಳೊಳಗಿನ ಸುಳಿಪ್ರವಾಹಗಳು ಕಾಂತಕ್ಷೇತ್ರವನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತವೆ.

ಇಷ್ಟೊಂದು ಮಂದ ಹಿಡಿಕೆಯನ್ನು ರಕ್ಷಣೆಗೆ ನಂಬುವುದು ಅವಿವೇಕ. ಚಾರ್ಜ್ ಆಗುತ್ತಿರುವಾಗಲೇ ಬ್ಯಾಟರಿಯ ನಿರ್ವಹಣಾ ವ್ಯವಸ್ಥೆ (ಬಿಎಂಎಸ್) ಕಾಂಟ್ಯಾಕ್ಟರ್ ತೆರೆದುಬಿಟ್ಟರೆ 'ಲೋಡ್ ಡಂಪ್' ಆಗುತ್ತದೆ, ಅಂದರೆ ಹೊರೆ ಥಟ್ಟನೆ ಕಳಚಿ ವೋಲ್ಟೇಜ್ ಚಿಮ್ಮುತ್ತದೆ. ಐಎಸ್‌ಒ 16750-2 ಮಾನಕದಲ್ಲಿ ತಡೆಯಿಲ್ಲದ 12 ವೋಲ್ಟ್ ವ್ಯವಸ್ಥೆಗೆ ಹೇಳಿರುವ ಪರೀಕ್ಷಾ ತರಂಗ 79ರಿಂದ 101 ವೋಲ್ಟ್, 40ರಿಂದ 400 ಮಿಲಿಸೆಕೆಂಡ್. ನಮ್ಮ 190 ಈ ಅವಧಿಯೊಳಗೇ ಬೀಳುತ್ತದೆ. ರೆಕ್ಟಿಫೈಯರಿನಲ್ಲಿ ಅವಲಾಂಚ್ ಡಯೋಡ್‌ಗಳಿದ್ದರೆ ವೋಲ್ಟೇಜಿನ ತುದಿ ಮೊಟಕಾಗುತ್ತದೆ, ಆದರೆ ಆ ಶಕ್ತಿಯನ್ನೆಲ್ಲ ಅವೇ ನುಂಗಬೇಕು.

ಆದ್ದರಿಂದ ನಿಯಂತ್ರಕದ ಸಾಫ್ಟ್‌ವೇರ್‌ಗಿಂತ ಕಡಿತದ ಸರದಿಯೇ ಮುಖ್ಯವೆಂಬುದು ಈ ಲೇಖಕನ ನಿಲುವು. ಬಿಎಂಎಸ್ ಮೊದಲು ಫೀಲ್ಡ್ ಕಡಿಯುವ ಸಂಕೇತ ಕೊಡಬೇಕು. ಕನಿಷ್ಠ 300 ಮಿಲಿಸೆಕೆಂಡ್ ಕಳೆದ ಮೇಲೆ ಕಾಂಟ್ಯಾಕ್ಟರ್ ತೆರೆಯಬೇಕು. ಹಾಗೆ ಮುನ್ಸೂಚನೆ ಕೊಡಲಾರದ ಅಗ್ಗದ ಬಿಎಂಎಸ್ ಆದರೆ, ಆಲ್ಟರ್ನೇಟರಿನ ಕಡೆಗೇ ಸಣ್ಣದೊಂದು ಸೀಸದ ಬ್ಯಾಟರಿಯನ್ನು ಕಾಯಂ ಆಗಿ ಜೋಡಿಸಿಡುವುದು ಲೇಸು.